ಕೊಲ್ಲುವ ಬ್ಯಾಕ್ಟೀರಿಯಾ ತಾನೇಕೆ ಸಾಯುವುದಿಲ್ಲ

ಡಿಸೆಂಬರ್ ಹೊತ್ತಿಗೆ ಕೊಡಗಿನ ಸುಂಟಿಕೊಪ್ಪ, ಸೋಮವಾರಪೇಟೆ ಕಡೆಯ ಕಾಫಿ ತೋಟಗಳಲ್ಲಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಸದ್ದು ಶುರುವಾಗುತ್ತದೆ. ಸಿಪ್ಪೆ ಕಳಚಿದ ಅರೇಬಿಕಾ ಬೀಜ ಲೋಳೆಯ ಸಮೇತ ತೊಟ್ಟಿಗೆ ಬೀಳುತ್ತದೆ. 24ರಿಂದ 36 ಗಂಟೆಯಲ್ಲಿ ಲೋಳೆ ಬಿಟ್ಟುಕೊಳ್ಳುತ್ತದೆ. ಒಂದು ಹಿಡಿ ಬೀಜ ತೆಗೆದು ತೊಳೆದು ಉಜ್ಜಿದಾಗ ಜಾರುವುದು ನಿಂತು ಗರಗರ ಎಂದರೆ ತೊಳೆಯುವ ಹೊತ್ತು ಬಂತೆಂದೇ ಲೆಕ್ಕ. ಈ ಕೆಲಸದಲ್ಲಿ ಹಣ್ಣಿನದೇ ಕಿಣ್ವಗಳ ಜೊತೆ ಯೀಸ್ಟ್‌ಗಳು, ಸಿಪ್ಪೆಯ ಮೇಲೆ ಬಂದ ಎಂಟರೋಬ್ಯಾಕ್ಟೀರಿಯಾಗಳು, ಲ್ಯೂಕೊನೊಸ್ಟಾಕ್ ಮತ್ತು ಲ್ಯಾಕ್ಟಿಪ್ಲಾಂಟಿಬ್ಯಾಸಿಲಸ್ ಪ್ಲಾಂಟಾರಮ್‌ನಂಥ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳು ಸೇರಿಕೊಂಡಿರುತ್ತವೆ. ನಮಗೆ ತಿಳಿಯುವುದು ನೊರೆ ಮತ್ತು ಹುಳಿ ವಾಸನೆ ಮಾತ್ರ. ಒಳಗೆ ಸಕ್ಕರೆಗಾಗಿ, ಜಾಗಕ್ಕಾಗಿ ನಡೆಯುವ ಹೊಡೆದಾಟ ಕಣ್ಣಿಗೆ ಬೀಳುವುದಿಲ್ಲ.

ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳ ಮುಖ್ಯ ಆಯುಧ ಆಮ್ಲ. ಅದು ಯಾರೆಂದು ನೋಡದೆ ಸುತ್ತಲಿನವರನ್ನು ಕಾಡುತ್ತದೆ. ಆದರೆ ಇವುಗಳಲ್ಲಿ ಕೆಲವು ತಳಿಗಳು ಆಮ್ಲದ ಜೊತೆಗೆ ಪುಟ್ಟ ಪೆಪ್ಟೈಡ್‌ಗಳನ್ನೂ ಹೊರಬಿಡುತ್ತವೆ. ಸಾಮಾನ್ಯವಾಗಿ 20ರಿಂದ 70 ಅಮೈನೊ ಆಮ್ಲಗಳ ಈ ಸರಪಳಿಗಳಿಗೆ ಬ್ಯಾಕ್ಟೀರಿಯೊಸಿನ್ ಎಂದು ಹೆಸರು. ಇವುಗಳ ಹೊಡೆತ ಬಹುಮಟ್ಟಿಗೆ ಹತ್ತಿರದ ನೆಂಟರ ಮೇಲೆಯೇ. ಒಂದೇ ಬಗೆಯ ಪೊರೆ, ಒಂದೇ ಬಗೆಯ ಸಕ್ಕರೆ ಬಾಗಿಲು, ಒಂದೇ ಆಹಾರ ಇರುವ ಜೀವವೇ ಇವುಗಳ ಮೊದಲ ಬಲಿ. ಹಾಗಾದರೆ ವಿಷ ತಯಾರಿಸುವ ಕೋಶದ ಮೈಯಲ್ಲೂ ಅದೇ ಗುರಿ ಇದೆಯಲ್ಲ? ಅದು ತನ್ನ ವಿಷಕ್ಕೆ ತಾನೇ ಏಕೆ ಬಲಿಯಾಗುವುದಿಲ್ಲ?

"ಅದು ಗಟ್ಟಿ ತಳಿ, ಅದಕ್ಕೇ ಉಳಿಯುತ್ತದೆ" ಎನ್ನುವ ಉತ್ತರ ಸುಲಭವಾಗಿ ಬಾಯಿಗೆ ಬರುತ್ತದೆ. ಅದು ತಪ್ಪು, ಮತ್ತು ಹುದುಗುವಿಕೆಯ ಕೆಲಸ ಮಾಡುವವರಿಗೆ ನಷ್ಟ ತರುವ ತಪ್ಪು. ಉತ್ಪಾದಕ ಕೋಶದ ರಕ್ಷಣೆ ಬಹಳ ಇಕ್ಕಟ್ಟಾದದ್ದು. ಇಂಥ ಒಂದು ಪೆಪ್ಟೈಡಿಗೆ ಇಂಥ ಒಂದು ರಕ್ಷಾ ಪ್ರೋಟೀನ್ ಎಂಬಂತೆ ಜೋಡಿ ಜೋಡಿಯಾಗಿ, ಬಹುಪಾಲು ಒಂದೇ ಜೀನ್ ಗುಂಪಿನಲ್ಲಿ ಅಕ್ಕಪಕ್ಕ ಕುಳಿತು, ಒಂದೇ ಸಂಕೇತಕ್ಕೆ ಓಗೊಟ್ಟು ಕೆಲಸ ಮಾಡುತ್ತದೆ. ಪಕ್ಕದ ಮನೆಯ ವಿಷಕ್ಕೆ ಅದೇ ಕೋಶ ಸಲೀಸಾಗಿ ಸಾಯುತ್ತದೆ.

ನೈಸಿನ್‌ನಿಂದಲೇ ಶುರುಮಾಡುವುದು ಸರಿ, ಏಕೆಂದರೆ ಇದರಷ್ಟು ಕೂಲಂಕಷವಾಗಿ ಬಿಡಿಸಿ ನೋಡಿದ ಬ್ಯಾಕ್ಟೀರಿಯೊಸಿನ್ ಮತ್ತೊಂದಿಲ್ಲ. ಲ್ಯಾಕ್ಟೊಕಾಕಸ್ ಲ್ಯಾಕ್ಟಿಸ್‌ನ ಕೆಲವು ತಳಿಗಳು ಇದನ್ನು ಮಾಡುತ್ತವೆ. ಮನೆಯ ಮೊಸರಿನಲ್ಲಿ ಸಿಗುವ ಜಾತಿಯೇ ಇದು. 30 ಡಿಗ್ರಿ ಆಸುಪಾಸಿನ ಬಿಸಿ ಇದಕ್ಕೆ ಹಿತ, ಅದಕ್ಕಿಂತ ತಂಪಿದ್ದರೂ ನಿಧಾನಕ್ಕೆ ಬೆಳೆಯುತ್ತದೆ. ಮಡಿಕೇರಿಯ ಮಳೆಗಾಲದ ಅಡುಗೆಮನೆಯಲ್ಲಿ ಬಿಸಿ ಬಯಸುವ ಮೊಸರಿನ ಬ್ಯಾಕ್ಟೀರಿಯಾಗಳು ಮಂಕಾದಾಗಲೂ ಇದಕ್ಕೆ ಅವಕಾಶವಿರುತ್ತದೆ. ಒಂದು ಬಗೆಯ ಹಾಲಿನ ಬ್ಯಾಕ್ಟೀರಿಯಾ ಇನ್ನೊಂದನ್ನು ತಡೆಯುತ್ತದೆಂದು ಅಮೆರಿಕದಲ್ಲಿ 1928ರಲ್ಲಿ ವರದಿಯಾಯಿತು. 1947ರಲ್ಲಿ ನೈಸಿನ್ ಎಂಬ ಹೆಸರು ಬಂತು. 1971ರಲ್ಲಿ ರಚನೆ ತಿಳಿಯಿತು. ಆಹಾರ ಸಂರಕ್ಷಕವಾಗಿ 1969ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ, ಕೃಷಿ ಸಂಸ್ಥೆಯ ಜಂಟಿ ಸಮಿತಿ ಒಪ್ಪಿತು. ಚೀಸ್ ಡಬ್ಬದ ಮೇಲೆ 234 ಎಂಬ ಸಂಖ್ಯೆ ಕಂಡರೆ ಅದೇ ನೈಸಿನ್.

ಇದು ಕೊಲ್ಲುವ ಬಗೆ ತಿಳಿದರೆ ರಕ್ಷಣೆಯ ಬಗೆ ಅರ್ಥವಾಗುತ್ತದೆ. ಬ್ಯಾಕ್ಟೀರಿಯಾ ತನ್ನ ಕೋಶಭಿತ್ತಿ ಕಟ್ಟಲು ಇಟ್ಟಿಗೆಗಳನ್ನು ಒಳಗೆ ತಯಾರಿಸಿ, ಲಿಪಿಡ್-2 ಎಂಬ ಅಣುವಿಗೆ ಕಟ್ಟಿ, ಪೊರೆಯ ಆಚೆಗೆ ದಾಟಿಸುತ್ತದೆ. ಉಂಗುರಗಳಾಗಿ ಬೆಸೆದ ನೈಸಿನ್ ಸರಪಳಿಯ ಮೊದಲೆರಡು ಉಂಗುರಗಳು ಆ ಲಿಪಿಡ್-2ರ ಪೈರೊಫಾಸ್ಫೇಟ್ ಭಾಗವನ್ನು ಪಂಜರದಂತೆ ಸುತ್ತಿ ಹಿಡಿಯುತ್ತವೆ. ಅಲ್ಲಿಗೆ ಗೋಡೆ ಕೆಲಸ ನಿಂತಿತು. ಆಮೇಲೆ ಪೆಪ್ಟೈಡಿನ ಬಾಲ ಪೊರೆಯೊಳಕ್ಕೆ ಚುಚ್ಚಿಕೊಳ್ಳುತ್ತದೆ. ಎಂಟು ನೈಸಿನ್, ನಾಲ್ಕು ಲಿಪಿಡ್-2 ಸೇರಿ ಸುಮಾರು ಎರಡು ನ್ಯಾನೊಮೀಟರ್ ಅಗಲದ ರಂಧ್ರವಾಗುತ್ತದೆ. ಪೊಟ್ಯಾಸಿಯಂ, ಕೋಶಕ್ಕೆ ಶಕ್ತಿ ಕೊಡುವ ಎಟಿಪಿ ಎಲ್ಲ ಸೋರಿಹೋಗಿ ಕೋಶ ಖಾಲಿಯಾಗುತ್ತದೆ. ಸೂಕ್ಷ್ಮ ತಳಿಗಳನ್ನು, ಅಂದರೆ ಬೇಗ ಬಲಿಯಾಗುವ ತಳಿಗಳನ್ನು, ತಡೆಯಲು ಕೆಲವು ನ್ಯಾನೊಮೋಲಾರ್ ಪ್ರಮಾಣವೇ ಸಾಕು. ಲಿಪಿಡ್-2 ಇಲ್ಲದೆ ಯಾವ ಬ್ಯಾಕ್ಟೀರಿಯಾವೂ ಗೋಡೆ ಕಟ್ಟಲಾರದು. ಆದ್ದರಿಂದ ಗುರಿಯನ್ನೇ ಬಿಟ್ಟುಕೊಟ್ಟು ಪಾರಾಗುವ ದಾರಿ ಲ್ಯಾಕ್ಟೊಕಾಕಸ್‌ಗೆ ಇಲ್ಲ.

ಮೊದಲ ಎಚ್ಚರಿಕೆ ತಯಾರಿಯ ಹಂತದಲ್ಲೇ ಇದೆ. ಕೋಶದ ಪ್ರೋಟೀನ್ ಯಂತ್ರವಾದ ರೈಬೊಸೋಮ್ ಹೆಣೆಯುವುದು 57 ಅಮೈನೊ ಆಮ್ಲಗಳ ಸರಪಳಿ. ಅದರಲ್ಲಿ 34 ಮಾತ್ರ ನಿಜವಾದ ನೈಸಿನ್, ಮುಂತುದಿಯ 23 ನಾಯಕ ಭಾಗ. ಕೋಶದೊಳಗೆ ನಿಸ್-ಬಿ ಎಂಬ ಕಿಣ್ವ ಸೆರಿನ್ ಮತ್ತು ಥ್ರಿಯೊನಿನ್‌ಗಳಿಂದ ನೀರು ತೆಗೆಯುತ್ತದೆ. ನಿಸ್-ಸಿ ಅವುಗಳನ್ನು ಸಿಸ್ಟೀನ್‌ಗೆ ಬೆಸೆದು ಐದು ಉಂಗುರ ಮಾಡುತ್ತದೆ. ನಿಸ್-ಟಿ ಅದನ್ನು ಪೊರೆಯಾಚೆ ದಾಟಿಸುತ್ತದೆ. ಇಷ್ಟೆಲ್ಲ ಆದರೂ ನಾಯಕ ಭಾಗ ಅಂಟಿಕೊಂಡಿರುವವರೆಗೆ ಅದು ಕೊಲ್ಲುವುದಿಲ್ಲ. ಒರೆಯಲ್ಲಿರುವ ಪೀಚೆಕತ್ತಿಯಂತೆ ಸೊಂಟದಲ್ಲಿ ಸುಮ್ಮನಿರುತ್ತದೆ. ಒರೆ ಕಳಚುವುದು ನಿಸ್-ಪಿ ಎಂಬ ಪ್ರೋಟಿಯೇಸ್ (ಪ್ರೋಟೀನ್ ಕತ್ತರಿಸುವ ಕಿಣ್ವ), ಅದು ಕೂತಿರುವುದು ಕೋಶದ ಹೊರಮೈಯಲ್ಲಿ. ಅಂದರೆ ಒಳಗಡೆ ಸಕ್ರಿಯ ನೈಸಿನ್ ಇರುವ ಪ್ರಸಂಗವೇ ಬರುವುದಿಲ್ಲ. ಅಪಾಯವೇನಿದ್ದರೂ ಹೊರಗಿನಿಂದ ತಿರುಗಿ ಬರುವ ನೈಸಿನ್‌ನದು.

ಆ ಅಪಾಯಕ್ಕೆ ಎರಡು ಕಾವಲು. ಒಂದನೆಯದು ನಿಸ್-ಐ. 245 ಅಮೈನೊ ಆಮ್ಲಗಳ ಲಿಪೊಪ್ರೋಟೀನ್ ಆಗಿ ಹುಟ್ಟಿ, ತಲೆಯ ತುದಿಯ ಸಿಸ್ಟೀನ್‌ಗೆ ಕೊಬ್ಬಿನ ಬಾಲ ಹಚ್ಚಿಸಿಕೊಂಡು ಪೊರೆಯ ಹೊರಮೈಗೆ ನೆಟ್ಟುಕೊಳ್ಳುತ್ತದೆ. ನೈಸಿನ್ ಲಿಪಿಡ್-2ನ್ನು ಮುಟ್ಟುವ ಮೊದಲೇ ಅಡ್ಡಗಟ್ಟುವುದು ಇದರ ಕೆಲಸ. ಇದರ ಕೊನೆಯ 22 ಅಮೈನೊ ಆಮ್ಲಗಳನ್ನು ಕತ್ತರಿಸಿದರೆ ರಕ್ಷಣೆ ತೀರಾ ಕುಸಿಯುತ್ತದೆ. ನೈಸಿನ್‌ನ ಜೊತೆಗಿನ ಗುರುತಿನ ಜಾಗ ಬಹುಪಾಲು ಅಲ್ಲಿದೆ. ಒಂದು ಪಾಲು ನಿಸ್-ಐ ಕೊಬ್ಬಿನ ಬಾಲವಿಲ್ಲದೆ ಹೊರಗಿನ ದ್ರವಕ್ಕೂ ಹೋಗುತ್ತದೆ.

ಎರಡನೆಯದು ನಿಸ್-ಎಫ್, ನಿಸ್-ಇ, ನಿಸ್-ಜಿ ಎಂಬ ಮೂರು ಪ್ರೋಟೀನ್‌ಗಳ ಪಂಪು. ನಿಸ್-ಐ ಕೈಗೆ ಸಿಗದೆ ಪೊರೆಯೊಳಕ್ಕೆ ನುಗ್ಗಿದ ನೈಸಿನ್‌ನ್ನು ಇದು ಎಟಿಪಿ ಖರ್ಚುಮಾಡಿ ಎತ್ತಿ ಹೊರಕ್ಕೆ ಎಸೆಯುತ್ತದೆ. ನಿಸ್-ಟಿ ಕೂಡ ಎಟಿಪಿ ಪಂಪೇ ಆದರೂ ಎರಡನ್ನೂ ಬೆರೆಸಿ ಓದಬಾರದು. ನಿಸ್-ಟಿ ಒರೆ ಸಮೇತ ಇರುವ ಸರಕನ್ನು ಒಳಗಿನಿಂದ ಸಾಗಿಸುತ್ತದೆ, ಈ ಪಂಪು ಒರೆ ಕಳಚಿದ ಸರಕನ್ನು ಪೊರೆಯಿಂದಲೇ ಕೀಳುತ್ತದೆ. ಅದು ನೈಸಿನ್‌ನ್ನು ಗುರುತಿಸುವುದು ಬಾಲದ ಕಡೆಯಿಂದ. ಕೊನೆಯ ಆರು ಅಮೈನೊ ಆಮ್ಲ ಇಲ್ಲದ ನೈಸಿನ್ ಕೊಟ್ಟರೆ ಪಂಪು ಸರಿಯಾಗಿ ಹಿಡಿಯಲಾರದು.

ಈ ಎರಡರಲ್ಲಿ ಒಂದನ್ನೇ ಸೂಕ್ಷ್ಮ ತಳಿಗೆ ಹಾಕಿ ನೋಡಿದರೆ ಸಹನೆ ಸುಮಾರು ಹತ್ತು ಪಟ್ಟಿನ ಆಸುಪಾಸಿಗೆ ಏರುತ್ತದೆ. ಎರಡೂ ಇದ್ದಾಗಿನ ರಕ್ಷಣೆ ಒಂದೊಂದರ ರಕ್ಷಣೆಗಿಂತ ಬಹಳ ಹೆಚ್ಚು. ಕಾರಣ ಸರಳ: ನಿಸ್-ಐ ತಡೆದಷ್ಟೂ ಪಂಪಿನ ಹೊರೆ ಇಳಿಯುತ್ತದೆ, ಪಂಪು ಎಸೆದದ್ದು ತಿರುಗಿ ಬಂದರೆ ನಿಸ್-ಐ ಮತ್ತೆ ಹಿಡಿಯುತ್ತದೆ.

ಸಮಯದ ಹೊಂದಾಣಿಕೆ ನನಗೆ ಇಡೀ ವ್ಯವಸ್ಥೆಯ ಅತ್ಯಂತ ಚೆಂದದ ಭಾಗ. ನೈಸಿನ್ ತಾನೇ ಸಂಕೇತವೂ ಹೌದು. ಕೋಶದ ಮೈಮೇಲಿನ ನಿಸ್-ಕೆ ಹೊರಗಿನ ನೈಸಿನ್‌ನ್ನು ಗ್ರಹಿಸಿ ಒಳಗಿನ ನಿಸ್-ಆರ್‌ಗೆ ಸುದ್ದಿ ಮುಟ್ಟಿಸುತ್ತದೆ. ನಿಸ್-ಆರ್ ಹೋಗಿ ನೈಸಿನ್ ತಯಾರಿಯ ಜೀನುಗಳನ್ನೂ ರಕ್ಷಣೆಯ ಜೀನುಗಳನ್ನೂ ಒಟ್ಟಿಗೆ ಏರಿಸುತ್ತದೆ. ಹೊರಗೆ ವಿಷ ಹೆಚ್ಚಿದಂತೆ ಒಳಗೆ ಕಾವಲೂ ಹೆಚ್ಚುತ್ತದೆ. ಕೋಶಗಳು ವಿರಳವಾಗಿರುವಾಗ ನೈಸಿನ್ ಅತ್ಯಲ್ಪ. ಆ ಅತ್ಯಲ್ಪ ಪ್ರಮಾಣ ಕೊಲ್ಲಲು ಸಾಲದು, ಸುದ್ದಿ ಮುಟ್ಟಿಸಲು ಸಾಕು. ಪ್ರಯೋಗಾಲಯಗಳು ಇದನ್ನೇ ಸಾಧನವಾಗಿ ಮಾಡಿಕೊಂಡಿವೆ: ಲ್ಯಾಕ್ಟೊಕಾಕಸ್‌ನಲ್ಲಿ ಬೇಕಾದ ಜೀನ್ ಚಾಲೂ ಮಾಡಲು ಮಿಲಿಲೀಟರಿಗೆ 0.1ರಿಂದ 5 ನ್ಯಾನೊಗ್ರಾಂ ನೈಸಿನ್ ಹಾಕುತ್ತಾರೆ. ಅದಕ್ಕೆ ಬಳಸುವ ತಳಿಯಲ್ಲಿ ನಿಸ್-ಆರ್, ನಿಸ್-ಕೆ ಇರುತ್ತವೆ, ರಕ್ಷಣೆಯ ಜೀನುಗಳು ಇರುವುದಿಲ್ಲ. ಪ್ರಮಾಣ ಏರಿಸುತ್ತಾ ಹೋದರೆ ಜೀನ್ ಚಾಲೂ ಆಗುವ ಬದಲು ಕೋಶ ಸಾಯಲು ಇದೇ ಕಾರಣ. ಜೀನ್ ಏರುತ್ತಿಲ್ಲವೆಂದು ಕಣ್ಣುಮುಚ್ಚಿ ನೈಸಿನ್ ಸುರಿಯುವವರು ಇದನ್ನು ನೆನಪಿಡಬೇಕು.

ಇನ್ನು ರಕ್ಷಣೆ ಇಕ್ಕಟ್ಟಾದದ್ದು ಎಂದ ಮಾತು. ಬ್ಯಾಸಿಲಸ್ ಸಬ್‌ಟಿಲಿಸ್‌ನ ಒಂದು ತಳಿ ಸಬ್‌ಟಿಲಿನ್ ಎಂಬ 32 ಅಮೈನೊ ಆಮ್ಲದ ಪೆಪ್ಟೈಡ್ ಮಾಡುತ್ತದೆ. ನೈಸಿನ್‌ನ ದಾಯಾದಿ ಎನ್ನಬಹುದಾದಷ್ಟು ಹೋಲಿಕೆ: ಉಂಗುರಗಳ ಜೋಡಣೆ ಒಂದೇ, ಗುರಿ ಒಂದೇ, ರಕ್ಷಣೆಯ ವಿನ್ಯಾಸವೂ ಒಂದೇ. ಅಲ್ಲೂ ಒಂದು ಲಿಪೊಪ್ರೋಟೀನ್, ಒಂದು ಪಂಪು. ಆದರೂ ಸಬ್‌ಟಿಲಿನ್‌ನ ಲಿಪೊಪ್ರೋಟೀನ್ ನೈಸಿನ್‌ನಿಂದ ಕಾಪಾಡುವುದಿಲ್ಲ, ನಿಸ್-ಐ ಸಬ್‌ಟಿಲಿನ್‌ನಿಂದ ಕಾಪಾಡುವುದಿಲ್ಲ. ರಕ್ಷಣೆ ಎಂದರೆ ಬರೀ ಲಿಪಿಡ್-2ನ್ನು ಮುಚ್ಚಿಡುವುದಾಗಿದ್ದರೆ ಎರಡೂ ಎರಡಕ್ಕೂ ಆಗಿಬರಬೇಕಿತ್ತು. ಹಾಗಾಗದಿರುವುದೇ ಈ ಜೋಡಿಗಳು ಒಂದಕ್ಕೊಂದು ಎಷ್ಟು ನಿಖರವಾಗಿ ಹೊಂದಿಕೊಂಡಿವೆ ಎಂಬುದಕ್ಕೆ ಸಾಕ್ಷಿ.

ಪೀಡಿಯೊಸಿನ್ ಗುಂಪಿನ ದಾರಿ ಬೇರೆಯೇ. ಪೀಡಿಯೊಕಾಕಸ್ ಆಸಿಡಿಲ್ಯಾಕ್ಟಿಸಿ ಮಾಡುವ ಪೀಡಿಯೊಸಿನ್ ಪಿಎ-1ರಲ್ಲಿ 44 ಅಮೈನೊ ಆಮ್ಲ. ಲ್ಯೂಕೊನೊಸ್ಟಾಕ್ ಮೆಸೆಂಟೆರಾಯ್ಡಿಸ್‌ನ ಒಂದು ತಳಿ ಮಾಡುವ ಮೆಸೆಂಟೆರಿಸಿನ್ ಇದೇ ಕುಟುಂಬದ್ದು, 37ರದ್ದು. ಇವುಗಳ ಗುರಿ ಮ್ಯಾನೋಸ್ ಮತ್ತು ಗ್ಲೂಕೋಸನ್ನು ಒಳಗೆ ತರುವ ಪೊರೆಯ ಬಾಗಿಲು. ಪೆಪ್ಟೈಡ್ ಹೊರಗಿನಿಂದ ಆ ಬಾಗಿಲಿನ ಸಂದಿಗೆ ತೂರಿ ಅದನ್ನು ಮುಚ್ಚಲಾಗದಂತೆ ತೆರೆದಿಡುತ್ತದೆ, ಕೋಶ ಸೋರುತ್ತದೆ. ರಕ್ಷಾ ಪ್ರೋಟೀನ್ ಇಲ್ಲಿ ಹೊರಗಿಲ್ಲ, ಕೋಶದೊಳಗೆ ಇದೆ. ಸುಮಾರು ನೂರು ಅಮೈನೊ ಆಮ್ಲಗಳ, ನಾಲ್ಕು ಸುರುಳಿಗಳ ಪುಟ್ಟ ಕಟ್ಟು ಅದು. ದ್ರಾವಣದಲ್ಲಿ ಪೆಪ್ಟೈಡನ್ನೂ ರಕ್ಷಾ ಪ್ರೋಟೀನನ್ನೂ ಬೆರೆಸಿದರೆ ಅವು ಒಂದನ್ನೊಂದು ಮೂಸಿಯೂ ನೋಡುವುದಿಲ್ಲ. ಇವು ಹೇಗೆ ಕೆಲಸ ಮಾಡುತ್ತವೆಂಬುದು ಬಹಳ ಕಾಲ ಒಗಟಾಗಿತ್ತು.

2007ರಲ್ಲಿ ಲ್ಯಾಕ್ಟೊಕಾಕಸ್ ಮಾಡುವ ಲ್ಯಾಕ್ಟೊಕಾಕ್ಸಿನ್-ಎ ಮೇಲಿನ ಕೆಲಸದಿಂದ ಉತ್ತರ ಸಿಕ್ಕಿತು. ಇದು ಪೀಡಿಯೊಸಿನ್ ಕುಟುಂಬದ್ದಲ್ಲ, ಆದರೆ ಹೊಡೆಯುವುದು ಅದೇ ಬಾಗಿಲಿಗೆ. ಪೆಪ್ಟೈಡ್ ಹೊರಗಿನಿಂದ ಬಂದು ಕೂತಾಗ ಮಾತ್ರ ರಕ್ಷಾ ಪ್ರೋಟೀನ್ ಒಳಗಿನಿಂದ ಹೋಗಿ ಬಾಗಿಲಿಗೆ ಬಿಗಿಯಾಗಿ ಅಂಟುತ್ತದೆ. ಬಾಗಿಲು, ಪೆಪ್ಟೈಡ್, ರಕ್ಷಾ ಪ್ರೋಟೀನ್ ಮೂರೂ ಸೇರಿ ಒಂದೇ ಗಂಟಾಗುತ್ತವೆ. ಇತ್ತೀಚಿನ ಕ್ರಯೊ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳು ಇದನ್ನು ಅಣುಗಳ ಮಟ್ಟದಲ್ಲೇ ತೋರಿಸಿವೆ: ತೆರೆದುಕೊಂಡ ರಂಧ್ರಕ್ಕೆ ಒಳಗಡೆಯಿಂದ ಬಿರಡೆ. ವಿಷವಿಲ್ಲದಾಗ ಸಕ್ಕರೆ ಸಾಗಣೆಗೆ ಅಡ್ಡಿಯಿಲ್ಲ, ಆದ್ದರಿಂದ ಕಾವಲಿಗಾಗಿ ಊಟ ಬಿಡಬೇಕಾಗಿಲ್ಲ.

ಆಹಾರದ ಮೂಲಕ ರೋಗ ತರುವ ಲಿಸ್ಟೀರಿಯಾ ಪೀಡಿಯೊಸಿನ್‌ಗೆ ಬಗ್ಗದಂತಾಗುವ ದಾರಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಅದಕ್ಕೆ ರಕ್ಷಾ ಪ್ರೋಟೀನ್ ಇಲ್ಲ, ಹಾಗಾಗಿ ಬಾಗಿಲನ್ನೇ ಕಿತ್ತು ಹಾಕುತ್ತದೆ, ಅಂದರೆ ಆ ಸಕ್ಕರೆ ಸಾಗಣೆಯ ಜೀನುಗಳನ್ನು ತಗ್ಗಿಸಿಬಿಡುತ್ತದೆ. ಬದುಕುತ್ತದೆ, ಆದರೆ ಗ್ಲೂಕೋಸ್ ಮೇಲೆ ಕುಂಟುತ್ತಾ ಬೆಳೆಯುತ್ತದೆ. ಮೊದಲಿನದು ರಕ್ಷಣೆ, ಎರಡನೆಯದು ಪ್ರತಿರೋಧ. ಇವೆರಡನ್ನು ಒಂದೇ ಹೆಸರಿನಲ್ಲಿ ಕರೆಯುವುದರಿಂದ ಗೊಂದಲ ಬಹಳವಾಗಿದೆ. ನೈಸಿನ್ ತಯಾರಿಸದೆಯೇ ಅದನ್ನು ಬಾಲದ ಬಳಿ ಕತ್ತರಿಸಿ ಹಾಕುವ ಪ್ರೋಟಿಯೇಸ್ ಇಟ್ಟುಕೊಂಡ ಲ್ಯಾಕ್ಟೊಕಾಕಸ್ ತಳಿಗಳೂ ಇವೆ. ಕತ್ತರಿಸಿ ಉಳಿದ 28 ಅಮೈನೊ ಆಮ್ಲಗಳ ತುಂಡು ಮೂಲದ ನೂರರಲ್ಲೊಂದು ಪಾಲು ಮಾತ್ರ ಪ್ರಬಲ. ಅದೂ ಪ್ರತಿರೋಧವೇ.

ಬೇರೆ ಜಾತಿಗಳ ದಾರಿಗಳನ್ನು ಬೇಗ ನೋಡಿಬಿಡೋಣ. ಈ. ಕೋಲಿಯ ಮೈಕ್ರೋಸಿನ್ ಸಿ7 ಏಳು ಅಮೈನೊ ಆಮ್ಲಗಳ ಪೆಪ್ಟೈಡ್, ಬಾಲಕ್ಕೆ ಒಂದು ನ್ಯೂಕ್ಲಿಯೋಟೈಡ್ ತುಂಡು. ಬಲಿಯಾಗುವ ಕೋಶ ಅದನ್ನು ಆಹಾರವೆಂದು ಒಳಗೆ ಎಳೆದುಕೊಂಡು ಪೆಪ್ಟೈಡ್ ಭಾಗ ಕಡಿದಾಗ ಉಳಿಯುವ ತುಂಡೇ ನಿಜವಾದ ವಿಷ. ತೊಂದರೆಯೆಂದರೆ ಅದೇ ಕಡಿಯುವ ಕಿಣ್ವಗಳು ಉತ್ಪಾದಕನ ಒಳಗೂ ಇವೆ. ಅದಕ್ಕಾಗಿ ಉತ್ಪಾದಕ ಹೊರಹಾಕುವ ಪಂಪಿನ ಜೊತೆಗೆ, ಆ ವಿಷದ ತುಂಡಿಗೆ ಅಸಿಟೈಲ್ ಅಂಟಿಸುವ ಒಂದು ಕಿಣ್ವ, ಅದನ್ನು ಕತ್ತರಿಸುವ ಇನ್ನೊಂದು ಕಿಣ್ವ ಇಟ್ಟುಕೊಂಡಿದೆ. ಕೊಲಿಸಿನ್‌ಗಳು ಪೆಪ್ಟೈಡ್ ಅಲ್ಲ, ದೊಡ್ಡ ಪ್ರೋಟೀನ್‌ಗಳು. ಡಿಎನ್‌ಎ ಕತ್ತರಿಸುವ ಕೊಲಿಸಿನ್‌ಗಳಿಗೆ ಹುಟ್ಟುತ್ತಲೇ ರಕ್ಷಾ ಪ್ರೋಟೀನ್ ಅಂಟಿಕೊಂಡು ಜೊತೆಗೇ ಹೊರಹೋಗುತ್ತದೆ. ಆದರೆ ಅವನ್ನು ಬಿಡುಗಡೆ ಮಾಡುವ ಕೋಶ ಒಡೆದು ಸಾಯುತ್ತದೆ, ಉಳಿಯುವುದು ಅದರ ಒಡಹುಟ್ಟುಗಳು.

ತೋಟದ ಮಣ್ಣಿನಲ್ಲಿ ಧಾರಾಳವಾಗಿರುವ ಬ್ಯಾಸಿಲಸ್ ಸಬ್‌ಟಿಲಿಸ್‌ನಲ್ಲಿ ಇನ್ನೂ ವಿಚಿತ್ರವಾದದ್ದು ನಡೆಯುತ್ತದೆ. ಆಹಾರ ತೀರುತ್ತಾ ಬಂದಾಗ ಗುಂಪಿನ ಕೆಲವು ಕೋಶಗಳು ಬೀಜಕ ಕಟ್ಟುವ ಮೊದಲು ಎಸ್‌ಡಿಪಿ ಎಂಬ 42 ಅಮೈನೊ ಆಮ್ಲಗಳ ಪೆಪ್ಟೈಡ್ ಬಿಟ್ಟು, ಇನ್ನೂ ತಯಾರಾಗದ ಒಡಹುಟ್ಟುಗಳನ್ನೇ ಕೊಂದು ಆ ಆಹಾರದಲ್ಲಿ ದಿನ ದೂಡುತ್ತವೆ. 2003ರಲ್ಲಿ ಇದು ವರದಿಯಾದಾಗ ನರಭಕ್ಷಣೆ ಎಂದೇ ಹೆಸರಿಟ್ಟರು. ಒಂದೇ ಜೀನೋಮ್ ಇರುವ ಕೋಶಗಳಲ್ಲಿ ಯಾರು ಸಾಯಬೇಕು, ಯಾರು ಉಳಿಯಬೇಕು ಎಂಬುದನ್ನು ರಕ್ಷಾ ಪ್ರೋಟೀನ್ ಯಾರಲ್ಲಿ ಮೊದಲೇ ತಯಾರಾಗಿದೆ ಎಂಬುದೊಂದೇ ತೀರ್ಮಾನಿಸುತ್ತದೆ. ಆ ಪ್ರೋಟೀನ್ ಪೊರೆಯಲ್ಲಿ ಕೂತು ಪೆಪ್ಟೈಡನ್ನು ಹಿಡಿದ ಕೂಡಲೇ ತನ್ನದೇ ಜೀನನ್ನು ಅದುಮಿಟ್ಟಿದ್ದ ನಿಯಂತ್ರಕವನ್ನು ಪೊರೆಯ ಬಳಿಗೆ ಎಳೆದಿಟ್ಟುಕೊಳ್ಳುತ್ತದೆ. ಅದುಮುವವನು ಇಲ್ಲದಾದಾಗ ಕಾವಲು ಇನ್ನಷ್ಟು ಹೆಚ್ಚುತ್ತದೆ.

ಗುರಿಯೇ ಇಲ್ಲದಿರುವುದೂ ಒಂದು ದಾರಿ. ಪೇನಿಬ್ಯಾಸಿಲಸ್ ಪಾಲಿಮಿಕ್ಸಾ ಮಾಡುವ ಪಾಲಿಮಿಕ್ಸಿನ್‌ಗಳು ಗ್ರಾಂ ನೆಗೆಟಿವ್ ಬ್ಯಾಕ್ಟೀರಿಯಾಗಳ, ಅಂದರೆ ಗೋಡೆಯಾಚೆ ಇನ್ನೊಂದು ಪೊರೆ ಇರುವ ಬಗೆಯವುಗಳ, ಹೊರಪೊರೆಯ ಲಿಪಿಡ್-ಎ ಮೇಲೆ ಎರಗುತ್ತವೆ. ಉತ್ಪಾದಕ ಗ್ರಾಂ ಪಾಸಿಟಿವ್, ಅದಕ್ಕೆ ಹೊರಪೊರೆಯೂ ಇಲ್ಲ, ಲಿಪಿಡ್-ಎ ಕೂಡ ಇಲ್ಲ. ಇದೇ ಕುಟುಂಬದ ಕೊಲಿಸ್ಟಿನ್ ಆಸ್ಪತ್ರೆಯ ಕೊನೆಯ ಅಸ್ತ್ರಗಳಲ್ಲೊಂದು. 2015ರಲ್ಲಿ ಚೀನಾದಿಂದ ವರದಿಯಾದ ಎಂಸಿಆರ್-1 ಜೀನ್ ಲಿಪಿಡ್-ಎಗೆ ಫಾಸ್ಫೊಎಥನಾಲಮೈನ್ ಅಂಟಿಸಿ ಕೊಲಿಸ್ಟಿನ್ ಹಿಡಿಯದಂತೆ ಮಾಡುತ್ತದೆ. ಪ್ಲಾಸ್ಮಿಡ್ ಎಂಬ ಪುಟ್ಟ ಬಿಡಿ ಡಿಎನ್‌ಎ ಬಳೆಯ ಮೇಲೆ ಕೂತು ಒಂದು ಕೋಶದಿಂದ ಇನ್ನೊಂದಕ್ಕೆ ದಾಟುತ್ತದೆ. ಭಾರತ 2019ರಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಕೊಡುವುದನ್ನು ನಿಷೇಧಿಸಿತು. ಹಂದಿ, ಕೋಳಿ ಸಾಕಣೆ ಮನೆಮನೆಯ ಮಾತಾಗಿರುವ ಕೊಡಗಿನಲ್ಲಿ ಈ ನಿಷೇಧ ಕಾಗದದ ಮೇಲೆ ಉಳಿಯಬಾರದು. ಹಳೆಯ ಫೀಡ್ ಸಪ್ಲಿಮೆಂಟ್ ಪೊಟ್ಟಣದ ಮೇಲೆ ಕೊಲಿಸ್ಟಿನ್ ಸಲ್ಫೇಟ್ ಎಂದಿದ್ದರೆ ಅದನ್ನು ಬಳಸಲೇಬಾರದು.

ಈಗ ಕೈಕೆಲಸಕ್ಕೆ ಬರೋಣ. ಕೊಡಗಿನ ತೋಟಗಳಲ್ಲಿ ಮುಚ್ಚಿದ ಡ್ರಮ್ಮಿನಲ್ಲಿ, ಆಯ್ದ ತಳಿ ಹಾಕಿ ಕಾಫಿ ಹುದುಗಿಸುವವರಿದ್ದಾರೆ. ಎರಡು ಮೂರು ತಳಿ ಬೆರೆಸುವ ಆಸೆ ಸಹಜ. ಆದರೆ ಒಂದು ತಳಿ ಇನ್ನೊಂದನ್ನು ಕೊಲ್ಲುವುದೋ ಎಂದು ಮೊದಲು ಪ್ಲೇಟಿನಲ್ಲಿ ನೋಡಿಕೊಳ್ಳಬೇಕು. ಪರೀಕ್ಷೆ ಕಷ್ಟದ್ದಲ್ಲ, ಅವಸರ ಮಾಡಬಾರದು ಅಷ್ಟೇ.

ತಳಿಯನ್ನು ಎಂಆರ್‌ಎಸ್ ಎಂಬ, ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಬೆಳೆಸುವ ದ್ರವದಲ್ಲಿ 30 ಡಿಗ್ರಿಯಲ್ಲಿ 16ರಿಂದ 18 ಗಂಟೆ ಬೆಳೆಸಿ. ಕೋಶಗಳನ್ನು ಸೆಂಟ್ರಿಫ್ಯೂಜ್ ಮಾಡಿ ತೆಗೆದ ಮೇಲೆ ಉಳಿಯುವ ತಿಳಿ ದ್ರವದ ಪಿಎಚ್‌ನ್ನು ಸೋಡಿಯಂ ಹೈಡ್ರಾಕ್ಸೈಡ್ ಹಾಕಿ 6.5ಕ್ಕೆ ತನ್ನಿ. ಇಲ್ಲದಿದ್ದರೆ ಆಮ್ಲವೇ ಜೋನ್, ಅಂದರೆ ಬ್ಯಾಕ್ಟೀರಿಯಾ ಬೆಳೆಯದ ಬಳೆ, ಮಾಡಬಲ್ಲದು. ಕೊಡಗಿನ ಅಡುಗೆಯ ಗಟ್ಟಿ ಹುಳಿಯಾದ ಕಾಚಂಪುಳಿಯ ಒಂದು ಹನಿ ಇಟ್ಟರೂ ಪ್ಲೇಟಿನಲ್ಲಿ ಚೆಂದದ ಬಳೆ ಮೂಡುತ್ತದೆ. ಹೈಡ್ರೋಜನ್ ಪೆರಾಕ್ಸೈಡಿನ ಅನುಮಾನ ತೆಗೆಯಲು ಕ್ಯಾಟಲೇಸ್ ಹಾಕಿ. ಆಮೇಲೆ 0.22 ಮೈಕ್ರಾನ್ ಫಿಲ್ಟರ್ ಮಾಡಿ. ನೈಲಾನ್ ಮತ್ತು ನೈಟ್ರೋಸೆಲ್ಯುಲೋಸ್ ಫಿಲ್ಟರ್ ಪೆಪ್ಟೈಡನ್ನು ಹಿಡಿದಿಟ್ಟುಕೊಳ್ಳುತ್ತವೆ, ಬೇಡ. ಎರಡನೆಯ ತಳಿಯ ರಾತ್ರಿ ಬೆಳೆಸಿದ ದ್ರವ 50 ಮೈಕ್ರೋಲೀಟರನ್ನು 45 ಡಿಗ್ರಿಗೆ ಆರಿದ 5 ಮಿಲಿಲೀಟರ್ ಮೆದು ಅಗಾರ್‌ಗೆ (ಶೇಕಡಾ 0.75) ಬೆರೆಸಿ ಪ್ಲೇಟಿನ ಮೇಲೆ ಸುರಿಯಿರಿ. ಗಟ್ಟಿಯಾದ ಮೇಲೆ ತಿಳಿಯನ್ನು ಎರಡೆರಡು ಪಟ್ಟು ತೆಳುಮಾಡುತ್ತಾ 10 ಮೈಕ್ರೋಲೀಟರ್ ಹನಿ ಇಡಿ. ಮಾರನೆಯ ದಿನ ಜೋನ್ ಕಾಣುವ ಕೊನೆಯ ಹನಿ 64 ಪಟ್ಟು ತೆಳುವಿನದ್ದಾದರೆ ಮಿಲಿಲೀಟರಿಗೆ 6400 ಯೂನಿಟ್ ಎಂದು ಲೆಕ್ಕ: 10 ಮೈಕ್ರೋಲೀಟರ್ ಹನಿ ಮಿಲಿಲೀಟರಿಗೆ ನೂರು, ಅದರ 64 ಪಟ್ಟು.

ಜೋನ್ ಪೆಪ್ಟೈಡಿನದ್ದೇ ಎಂದು ಖಾತ್ರಿಮಾಡಲು ಹನಿಯ ಪಕ್ಕದಲ್ಲಿ ಪ್ರೋಟೀನ್ ಕತ್ತರಿಸುವ ಪ್ರೋಟಿನೇಸ್-ಕೆ ಹನಿಯೊಂದನ್ನು ಇಡಿ. ಪೆಪ್ಟೈಡಾದರೆ ಆ ಬದಿ ಕಚ್ಚಿದಂತಾಗಿ ಜೋನ್ ಅರ್ಧಚಂದ್ರವಾಗುತ್ತದೆ. ಬ್ಯಾಕ್ಟೀರಿಯಾವನ್ನು ಕೊಲ್ಲುವ ಫೇಜ್ ವೈರಸ್ ಕೂಡ ಜೋನ್ ಮಾಡುತ್ತದೆ. ಆದರೆ ತೆಳುಮಾಡಿದಾಗ ಫೇಜ್ ಬಿಡಿಬಿಡಿ ಚುಕ್ಕೆಗಳಾಗಿ ಒಡೆಯುತ್ತದೆ, ಪೆಪ್ಟೈಡಿನ ಜೋನ್ ಇಡಿಯಾಗಿ ಮಸುಕಾಗುತ್ತಾ ಹೋಗುತ್ತದೆ.

ಬಹಳ ಜನ ಎಡವುವ ಜಾಗ ಪಿಎಚ್. ನೈಸಿನ್ ಪಿಎಚ್ 6ಕ್ಕಿಂತ ಮೇಲೆ ತನ್ನ ಉತ್ಪಾದಕ ಕೋಶದ ಮೈಗೇ ಅಂಟಿಕೊಳ್ಳುತ್ತದೆ. ಕೋಶ ತೆಗೆಯುವ ಮೊದಲೇ ಪಿಎಚ್ ಏರಿಸಿದರೆ ಪೆಪ್ಟೈಡ್ ಕೋಶದ ಜೊತೆ ಕೆಳಗೆ ಕೂತು, ತಿಳಿಯಲ್ಲಿ ಏನೂ ಸಿಗುವುದಿಲ್ಲ. ಅನುಮಾನ ಬಂದರೆ ಕೋಶಗಳ ಸಮೇತ ಪಿಎಚ್ 2ಕ್ಕೆ ಇಳಿಸಿ, ಸ್ವಲ್ಪ ಉಪ್ಪು ಸೇರಿಸಿ, ಕಲಕಿ, ಆಮೇಲೆ ಸೆಂಟ್ರಿಫ್ಯೂಜ್ ಮಾಡಿ ನೋಡಿ. ಪೀಡಿಯೊಸಿನ್‌ಗೂ ಇದೇ ಉಪಾಯ. ನೈಸಿನ್ ಆಮ್ಲದಲ್ಲಿ ಚೆನ್ನಾಗಿ ಕರಗುತ್ತದೆ, ಬಿಸಿಯನ್ನೂ ತಡೆಯುತ್ತದೆ. ತಟಸ್ಥ ಪಿಎಚ್‌ನಲ್ಲಿ ಎರಡೂ ಕಡಿಮೆ.

ಪ್ಲೇಟಿನಲ್ಲಿ ಕಂಡದ್ದೆಲ್ಲ ಡ್ರಮ್ಮಿನಲ್ಲಿ ಹಾಗೇ ನಡೆಯುವುದಿಲ್ಲ. ಈ ಪೆಪ್ಟೈಡ್‌ಗಳು ಧನ ವಿದ್ಯುದಂಶದವು, ಕಾಫಿ ಲೋಳೆಯ ಪೆಕ್ಟಿನ್ ಋಣ ವಿದ್ಯುದಂಶದ್ದು. ಒಂದು ಪಾಲು ಅಲ್ಲೇ ಸಿಕ್ಕಿಬೀಳುತ್ತದೆ. ಮಳೆಗಾಲದಲ್ಲಿ ಕಳಲೆ ನೆನೆಹಾಕಿ ದಿನಾ ನೀರು ಬದಲಿಸುವಾಗ ಕಹಿಯ ಜೊತೆಗೆ ಇಂಥ ಪೆಪ್ಟೈಡ್ ಏನಾದರೂ ಇದ್ದರೂ ಹರಿದುಹೋಗುತ್ತದೆ. ಇನ್ನೊಂದು ತಪ್ಪು ನಿರೀಕ್ಷೆಯೂ ಇದೆ. ನೈಸಿನ್ ಮಾಡುವ ತಳಿ ಹಾಕಿದರೆ ಎಲ್ಲ ಕೆಡುಕೂ ನಿಲ್ಲುತ್ತದೆಂದು ನಂಬಬೇಡಿ. ಎಂಟರೋಬ್ಯಾಕ್ಟೀರಿಯಾಗಳ ಹೊರಪೊರೆ ಅದನ್ನು ಒಳಗೆ ಬಿಡುವುದಿಲ್ಲ, ಯೀಸ್ಟ್ ಮತ್ತು ಬೂಸ್ಟಿಗೆ ಅದು ಲೆಕ್ಕಕ್ಕೇ ಇಲ್ಲ. ಓಕ್ರಟಾಕ್ಸಿನ್ ಎಂಬ ವಿಷ ಮಾಡುವ ಬೂಸ್ಟನ್ನು ತಡೆಯಬೇಕಾದರೆ ಕಣದಲ್ಲಿ ಬೇಗ, ಸಮನಾಗಿ ಒಣಗಿಸುವುದೇ ಮುಖ್ಯ ದಾರಿ.

ರಕ್ಷಣೆಯನ್ನೇ ಅಳೆಯಬೇಕೆಂದರೆ ಮೂರು ತಳಿ ಬೇಕು: ಉತ್ಪಾದಕ, ಪ್ಲಾಸ್ಮಿಡ್ ಕಳೆದುಕೊಂಡ ಅದರ ಒಡಹುಟ್ಟು, ಮತ್ತು ಆ ಒಡಹುಟ್ಟಿಗೆ ರಕ್ಷಾ ಜೀನ್ ಒಂದನ್ನೇ ಹಾಕಿದ್ದು. 96 ಗುಂಡಿಗಳ ತಟ್ಟೆಯಲ್ಲಿ ಎರಡೆರಡು ಪಟ್ಟು ತೆಳುಮಾಡಿದ ಪೆಪ್ಟೈಡಿನೊಂದಿಗೆ ಮೂರನ್ನೂ ಬೆಳೆಸಿ ಹೋಲಿಸಿದರೆ ಆ ಜೀನ್ ಎಷ್ಟು ಪಟ್ಟು ಕಾಪಾಡುತ್ತದೆಂದು ಸಿಗುತ್ತದೆ. ಬದಲಿಗೆ ಉತ್ಪಾದಕನಿಂದಲೇ ನೇರವಾಗಿ ರಕ್ಷಾ ಜೀನ್ ತೆಗೆಯಲು ಹೊರಟರೆ ಕೆಲಸ ಕೆಡುತ್ತದೆ. ಕೋಶ ತನ್ನದೇ ವಿಷಕ್ಕೆ ಸಾಯುತ್ತದೆ, ಇಲ್ಲವೇ ವಿಷ ತಯಾರಿ ಕುಗ್ಗಿದ ರೂಪಾಂತರಗಳಷ್ಟೇ ಉಳಿದು ಲೆಕ್ಕ ತಪ್ಪುತ್ತದೆ. ಮೊದಲು ವಿಷದ ಜೀನ್ ತೆಗೆದು, ಆಮೇಲೆ ರಕ್ಷಣೆಯದನ್ನು ಮುಟ್ಟಬೇಕು.

ಹಿಂದಿನ ಡ್ರಮ್ಮಿನ ರಸವನ್ನೇ ಮುಂದಿನದಕ್ಕೆ ಹೆಪ್ಪಾಗಿ ಹಾಕುತ್ತಾ ಹೋಗುವವರಿಗೆ ಈ ಜೋಡಿಯ ಲೆಕ್ಕ ನೇರವಾಗಿ ತಟ್ಟುತ್ತದೆ. ಪೀಡಿಯೊಸಿನ್‌ನ ನಾಲ್ಕು ಜೀನುಗಳು ಸುಮಾರು 9 ಸಾವಿರ ಬೇಸ್ ಜೋಡಿಯ ಪುಟ್ಟ ಪ್ಲಾಸ್ಮಿಡ್ ಮೇಲಿರುತ್ತವೆ. ಕೋಶವೊಂದು ಇಡೀ ಪ್ಲಾಸ್ಮಿಡ್ ಕಳೆದುಕೊಂಡರೆ ವಿಷದ ಜೊತೆ ಕಾವಲೂ ಹೋಯಿತು, ಸುತ್ತಲಿನ ಒಡಹುಟ್ಟುಗಳೇ ಅದನ್ನು ಕೊಲ್ಲುತ್ತವೆ. ವಿಷದ ಜೀನ್ ಮಾತ್ರ ಕೆಟ್ಟು ಕಾವಲು ಉಳಿದ ಕೋಶ ಹಾಗಲ್ಲ. ಅದಕ್ಕೆ ತಯಾರಿಯ ಖರ್ಚಿಲ್ಲ, ಸಾಯುವ ಭಯವೂ ಇಲ್ಲ, ಹೆಪ್ಪಿನಿಂದ ಹೆಪ್ಪಿಗೆ ಅದು ಹೆಚ್ಚುತ್ತಾ ಹೋಗಬಹುದು. ಆದ್ದರಿಂದ ಕೆಲವು ಸುತ್ತುಗಳಾದ ಮೇಲೆ ರಸವನ್ನು ತೆಳುಮಾಡಿ ಹರಡಿ, ಕಾಲೊನಿಗಳ ಮೇಲೆ ಸೂಕ್ಷ್ಮ ತಳಿಯ ಮೆದು ಅಗಾರ್ ಸುರಿದು ನೋಡಬೇಕು. ಜೋನ್ ಇಲ್ಲದ ಕಾಲೊನಿಗಳನ್ನು ಎತ್ತಿಕೊಂಡು ಶುದ್ಧಮಾಡಿ ಬೆಳೆಸಿ, ಮೂಲ ತಳಿಯ ತಿಳಿಯನ್ನು ಅವುಗಳ ಮೇಲೆ ಹನಿ ಇಡಿ. ಸತ್ತರೆ ಅದು ಪ್ಲಾಸ್ಮಿಡ್ ಕಳೆದುಕೊಂಡದ್ದೋ ಹೊರಗಿನಿಂದ ಬಂದ ಬೇರೆ ತಳಿಯೋ ಆಗಿರಬೇಕು. ಸಾಯದಿದ್ದರೆ, ಮತ್ತು ಅದು ಅದೇ ತಳಿಯೆಂದು ಖಾತ್ರಿಯಾದರೆ, ಹೆಪ್ಪಿನ ಸರಣಿಯನ್ನು ಅಲ್ಲಿಗೇ ನಿಲ್ಲಿಸಿ ಫ್ರೀಜರಿನಲ್ಲಿಟ್ಟ ಮೂಲ ತಳಿಯಿಂದ ಹೊಸದಾಗಿ ಶುರುಮಾಡಿ.